ಕೊನೆಯ ಚರಣದ ಗುಟುಕು

ಜನವರಿ 9

ದೊಡ್ಡಮ್ಮನಿಗೆ ನಮಸ್ಕಾರ.

ಈ ಕೈಬರಹ ನಿಮಗೆ ಹೊಸದು. ನಾನು ನಿಮ್ಮ ತಂಗಿಯ ಮಗಳು. ನೀವು ನನ್ನನ್ನು ಕಡೆಯ ಸಲ ನೋಡಿದಾಗ ನನಗೆ ಮೂರು ವರ್ಷ. ಆ ದಿನ ನಿಮ್ಮ ಹೊಸ ಬಟ್ಟೆಯ ಮೇಲೆ ಹಾಲು ಚೆಲ್ಲಿದ್ದೆನಂತೆ, ಅಮ್ಮ ಹೇಳಿದ್ದಾಳೆ. ಮೊದಲು ಅದಕ್ಕೆ ಕ್ಷಮೆ ಕೇಳಿ ಆಮೇಲೆ ವಿಷಯಕ್ಕೆ ಬರುತ್ತೇನೆ.

ಹಳೆಯ ಸಿನಿಮಾಗಳ ದನಿಯನ್ನು ರಿಪೇರಿ ಮಾಡುವುದು ನನ್ನ ಕೆಲಸ. ಕಿಟಕಿಯಿಲ್ಲದ ಒಂದು ಕೋಣೆ, ಎರಡು ದೊಡ್ಡ ಸ್ಪೀಕರ್, ಒಂದು ಕುರ್ಚಿ. ಐವತ್ತು ವರ್ಷದಲ್ಲಿ ರೀಲಿಗೆ ಹತ್ತಿದ ಚಟಪಟ, ಗುಂಯ್ ಅನ್ನುವ ಸದ್ದು, ಗೀರು, ಇವನ್ನೆಲ್ಲ ಒಂದೊಂದಾಗಿ ಹೆಕ್ಕಿ ತೆಗೆಯುತ್ತೇನೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ ಎಂದು ತಿಳಿಯಿರಿ.

ಬರುವ ಆಗಸ್ಟಿಗೆ ‘ಮೇಕೆಯ ದೋಣಿ’ ಕಾರ್ಟೂನ್ ಸಿನಿಮಾಕ್ಕೆ ಐವತ್ತು ವರ್ಷ ತುಂಬುತ್ತದೆ. ಕಂಪನಿಯವರು ಅದನ್ನು ಮತ್ತೆ ಚಿತ್ರಮಂದಿರಗಳಿಗೆ ತರುತ್ತಿದ್ದಾರೆ. ಇದು ಮೂರನೇ ಬಿಡುಗಡೆ. ಮೊದಲನೆಯದರಲ್ಲಿ ಮೇಕೆಗೆ ಹಾಡಿದವರು ನೀವು. ಮೂವತ್ತು ವರ್ಷದ ಹಿಂದೆ ಎರಡನೇ ಬಿಡುಗಡೆಯಾದಾಗ, ಹೊಸ ಸ್ಟೀರಿಯೋ ಬಂದಿದೆ ಎಂದು ಹಾಡುಗಳನ್ನೆಲ್ಲ ಮತ್ತೆ ಮುದ್ರಿಸಿದರು. ಆಗ ಹಾಡಿದವಳು ಅಮ್ಮ. ಆಮೇಲೆ ಟೀವಿಯಲ್ಲಿ, ಕ್ಯಾಸೆಟ್ಟಿನಲ್ಲಿ, ಡಿಸ್ಕಿನಲ್ಲಿ ಬಂದದ್ದೆಲ್ಲ ಅವಳ ದನಿಯೇ. ನಾನೂ ಅದನ್ನೇ ಕೇಳಿ ಬೆಳೆದವಳು. ನೀವಿಬ್ಬರೂ ಮಾತು ಬಿಟ್ಟದ್ದು ಅದಕ್ಕೇ ಎಂದು ನನಗೆ ಗೊತ್ತಾದಾಗ ನಾನು ಕಾಲೇಜಿನಲ್ಲಿದ್ದೆ.

ನಿಮ್ಮ ರೀಲುಗಳನ್ನು ಎಸೆದುಬಿಟ್ಟಿದ್ದಾರೆ ಎಂದೇ ಎಲ್ಲರೂ ನಂಬಿದ್ದರು. ಹೋದ ವಾರ ಉಗ್ರಾಣದಲ್ಲಿ ‘ಸೋಪಿನ ಜಾಹೀರಾತು’ ಎಂಬ ಚೀಟಿ ಅಂಟಿಸಿದ್ದ ಡಬ್ಬಗಳನ್ನು ತೆರೆದೆ. ಒಳಗೆ ನೀವು. ಆರು ಹಾಡು, ವಾದ್ಯ ಬೇರೆ, ನಿಮ್ಮ ದನಿ ಬೇರೆ.

ನಿಮ್ಮ ದನಿಯನ್ನು ಸಿನಿಮಾಕ್ಕೆ ಮರಳಿ ಕೂರಿಸಬೇಕೆಂದು ನನಗೆ ಆಸೆ. ಕಂಪನಿಯವರು ಅರ್ಧ ಮನಸ್ಸಿನಿಂದ ಒಪ್ಪಿದ್ದಾರೆ. ನೀವು ಪೂರ್ತಿ ಮನಸ್ಸಿನಿಂದ ಒಪ್ಪಬೇಕು. ಈ ಪತ್ರ ಬರೆದದ್ದು ಅಮ್ಮನಿಗೆ ಗೊತ್ತಿಲ್ಲ.

ನಿಮ್ಮ ಉತ್ತರಕ್ಕೆ ಕಾಯುವ,
ತಂಗಿಯ ಮಗಳು


ಜನವರಿ 20

ತಂಗಿಯ ಮಗಳಿಗೆ,

ಹಾಲಲ್ಲ, ಶಾಯಿ. ಒಂದಿಡೀ ಬಾಟಲಿ. ನಿನ್ನಮ್ಮ ಯಾವುದನ್ನೂ ಇದ್ದದ್ದು ಇದ್ದ ಹಾಗೆ ಹೇಳಿದವಳಲ್ಲ.

ನಿನ್ನನ್ನು ಆಗ ನಾವು ಸೈರನ್ ಎಂದು ಕರೆಯುತ್ತಿದ್ದೆವು. ನೀನು ಬಾಯಿ ತೆಗೆದರೆ ಪಕ್ಕದ ಕಾರ್ಖಾನೆಯವರು ಪಾಳಿ ಮುಗಿಯಿತೆಂದು ಚೀಲ ಹೆಗಲಿಗೆ ಹಾಕಿಕೊಳ್ಳಬೇಕು, ಅಂಥ ಗಂಟಲು. ಅಂಥವಳು ಈಗ ಗದ್ದಲ ತೆಗೆಯುವ ಕೆಲಸ ಹಿಡಿದಿದ್ದೀಯ ಎಂದು ಓದಿ ಒಬ್ಬಳೇ ಕೂತು ನಕ್ಕೆ.

ಪತ್ರ ಬರೆದದ್ದು ಒಳ್ಳೆಯದಾಯಿತು. ಫೋನು ಮಾಡಬೇಡ. ನನ್ನ ಎಡಗಿವಿ ನಿವೃತ್ತಿ ತೆಗೆದುಕೊಂಡಿದೆ. ಬಲಗಿವಿ ಯಂತ್ರ ಸಿಕ್ಕಿಸಿಕೊಂಡು, ಮನಸ್ಸು ಬಂದ ದಿನ ಮಾತ್ರ ಕೆಲಸಕ್ಕೆ ಬರುತ್ತದೆ. ಇಪ್ಪತ್ತೆಂಟು ವರ್ಷ ಶಾಲೆಯ ಮಕ್ಕಳಿಗೆ ಹಾಡು ಹೇಳಿಕೊಟ್ಟವಳಿಗೆ ಇನ್ನೇನು ತಾನೇ ಉಳಿದಿರುತ್ತದೆ.

ನಿನ್ನ ಕೋರಿಕೆಗೆ ಉತ್ತರ: ಬೇಡ. ಆ ಸಿನಿಮಾ ಎರಡನೇ ಸಲ ಬರುತ್ತಿದೆ ಎಂದು ಆಗ ನನಗೆ ಯಾರೂ ಹೇಳಿರಲಿಲ್ಲ. ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಲೆಕ್ಕದ ಮೇಷ್ಟ್ರು ಬಂದು, “ನಿಮ್ಮ ತಂಗಿ ಎಷ್ಟು ಚೆನ್ನಾಗಿ ಹಾಡಿದಾರೆ ಟೀಚರ್, ನೀವೇ ಹೇಳಿಕೊಟ್ಟಿದ್ದಾ?” ಅಂದರು. ನಾನು ಹೌದು ಅಂದೆ. ಹೇಳಿಕೊಟ್ಟದ್ದು ನಿಜ ತಾನೇ. ಆರು ವರ್ಷದವಳಿದ್ದಾಗಿನಿಂದ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟೆ. ಕಂಪನಿಯವರು ಕರೆದಾಗ ನನಗೊಂದು ಮಾತು ಹೇಳಲಿಲ್ಲ ಅವಳು. ಹಾಡಿ ಮುಗಿಸಿದ ಮೇಲೂ ಹೇಳಲಿಲ್ಲ. ಆ ಸಿನಿಮಾವನ್ನು ನಾನು ಅಂದಿನಿಂದ ನೋಡಿಲ್ಲ, ಯಾರ ಮನೆಯ ಟೀವಿಯಲ್ಲಿ ಬಂದರೂ ಎದ್ದು ಹೋಗುತ್ತೇನೆ.

ರೀಲುಗಳು ಸೋಪಿನ ಡಬ್ಬದಲ್ಲೇ ಇರಲಿ. ನನಗೇನೂ ಬೇಸರವಿಲ್ಲ.

ಹಾಡು ಆರಲ್ಲ, ಏಳು. ಸರಿಯಾಗಿ ಹುಡುಕು.

ದೊಡ್ಡಮ್ಮ


ಫೆಬ್ರವರಿ 6

ದೊಡ್ಡಮ್ಮನಿಗೆ ಸೈರನ್ ಮಾಡುವ ನಮಸ್ಕಾರ.

ಏಳನೆಯದು ಸಿಕ್ಕಿತು. ದೋಣಿಗೆ ಕರೆಯುವ ಹಾಡು, ಸಿನಿಮಾದ ಕೊನೆಯದು. ಅದು ಬೇರೆಯೇ ಡಬ್ಬದಲ್ಲಿತ್ತು. ನೀವು ಬೇಡ ಅಂದಿದ್ದೀರಿ. ಆದರೂ ಹುಡುಕು ಎಂದೂ ಹೇಳಿದ್ದೀರಿ. ನಾನು ಎರಡನೆಯ ಮಾತನ್ನು ಹಿಡಿದುಕೊಂಡಿದ್ದೇನೆ.

ಡಬ್ಬ ತೆರೆದರೆ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಹಳೆಯ ಫಿಲ್ಮು ಕೆಡುವುದು ಹಾಗೆ. ಮೊದಲು ಹುಳಿಯಾಗುತ್ತದೆ, ಆಮೇಲೆ ಕುಗ್ಗುತ್ತದೆ, ಆಮೇಲೆ ಸುತ್ತು ಸುತ್ತಿಗೆ ಅಂಟಿಕೊಳ್ಳುತ್ತದೆ. ಮೂರು ವಾರ ಒಣ ಪೆಟ್ಟಿಗೆಯಲ್ಲಿಟ್ಟು, ಕೈಯಿಂದಲೇ ನಿಧಾನವಾಗಿ ಬಿಚ್ಚಬೇಕು. ಯಂತ್ರಕ್ಕೆ ಕೊಟ್ಟರೆ ಹರಿಯುತ್ತದೆ. ನಿನ್ನೆ ಮೊದಲ ರೀಲು ಓಡಿತು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಮೊದಲ ಸುತ್ತಿನ ಕೆಲಸ ಮಾಡುವಾಗ ಚಿತ್ರದ ಪರದೆಯನ್ನು ಆರಿಸಿಬಿಡುತ್ತೇವೆ. ಕಣ್ಣು ಕಿವಿಗೆ ಸುಳ್ಳು ಹೇಳುತ್ತದೆ ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಹಾಗಾಗಿ ನಾನು ನಿಮ್ಮನ್ನು ಮೊದಲು ಕೇಳಿದ್ದು ಕತ್ತಲಲ್ಲಿ. ಮೊದಲು ಯಾರೋ ಕುರ್ಚಿ ಎಳೆದರು. ನೀವು “ಈಗ್ಲಾ?” ಅಂದಿರಿ. ಆಮೇಲೆ ಹಾಡಿದಿರಿ. ದೊಡ್ಡಮ್ಮ, ನಾನು ಈ ಕೆಲಸಕ್ಕೆ ಸೇರಿ ಹತ್ತು ವರ್ಷವಾಯಿತು, ಕೆಲಸ ಮಾಡುತ್ತ ಅತ್ತದ್ದು ಇದೇ ಮೊದಲು. ಪಕ್ಕದ ಕೋಣೆಯ ಚಿತ್ರ ತಿದ್ದುವವರು ಬಂದು ಬಾಗಿಲಲ್ಲಿ ನಿಂತು ಪೂರ್ತಿ ಹಾಡು ಕೇಳಿ, “ಯಾರ್ರೀ ಇವರು?” ಅಂದರು. ನಮ್ಮ ದೊಡ್ಡಮ್ಮ ಅಂದೆ. ಹಾಗೆ ಹೇಳುವಾಗ ಎಷ್ಟು ಜಂಬ ಬಂತು ಅಂದರೆ, ನಾನೇ ಹಾಡಿದೆನೇನೋ ಅನ್ನುವ ಹಾಗೆ.

ಹಿಂದಿನ ಸಲ ಅಮ್ಮನನ್ನು ಕರೆದವರೆಲ್ಲ ಈಗ ಇಲ್ಲ. ಈಗಿನವರಿಗೆ ನಿಮ್ಮಿಬ್ಬರ ವಿಷಯ ಗೊತ್ತಿಲ್ಲ. ಮಾರ್ಚ್ ಕೊನೆಗೆ ನಾನು ಅವರಿಗೆ ಯಾವ ದನಿ ಎಂದು ಹೇಳಬೇಕು. ನಿಮ್ಮದು ಅನ್ನಲೇ?

ಸೈರನ್


ಫೆಬ್ರವರಿ 15

ಸೈರನ್‌ಗೆ,

ಅನ್ನು.

ಬೇಡ ಅಂದವಳು ಒಂದು ತಿಂಗಳಲ್ಲಿ ಹೇಗೆ ಬದಲಾದಳು ಎಂದು ಕೇಳಬೇಡ. ‘ಈಗ್ಲಾ?’ ಎಂದು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ನಿನ್ನ ಪತ್ರ ಓದಿದ ಮೇಲೆ ಎರಡು ದಿನ ಮನೆಯಲ್ಲಿ ಓಡಾಡುತ್ತ ಅದನ್ನೇ ಅಂದುಕೊಂಡೆ.

ಆಗ ನನಗೆ ಇಪ್ಪತ್ತೆರಡು. ಮೊದಲು ಹಾಡು, ಆಮೇಲೆ ಚಿತ್ರ, ಅದು ಅವರ ಕ್ರಮ. ನಾವು ಹಾಡಿ ಮುಗಿಸಿದ್ದನ್ನು ಕೇಳಿ ಕೇಳಿ ಅವರು ಮೇಕೆಯ ಬಾಯಿ ಬರೆಯುತ್ತಿದ್ದರು. ಗಾಜಿನಾಚೆ ಒಬ್ಬ ಉದ್ದನೆಯ ಚಿತ್ರಗಾರ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ನಾಲ್ಕು ದಿನ ನನ್ನ ಬಾಯನ್ನೇ ನೋಡುತ್ತಿದ್ದ. ಎರಡನೇ ದಿನ ನನಗೆ ತಡೆಯಲಾಗಲಿಲ್ಲ. “ಹಲ್ಲಲ್ಲಿ ಏನಾದ್ರೂ ಸಿಕ್ಕೊಂಡಿದ್ಯಾ?” ಎಂದು ಕೇಳಿಯೇಬಿಟ್ಟೆ. ಅವನು ಕೆಂಪಾಗಿ, “ಇಲ್ಲ ಮೇಡಂ, ನಿಮ್ಮ ತುಟಿ ಮೇಕೆಗೆ ಸರಿಯಾಗಿ ಹೊಂದುತ್ತೆ” ಅಂದ. ಹೊಗಳಿದನೋ ಬೈದನೋ ಇವತ್ತಿಗೂ ಗೊತ್ತಿಲ್ಲ. ಹೋಗಲಿ, ಚಿತ್ರದ ಕೊನೆಯಲ್ಲಿ ಹೆಸರಾದರೂ ಬಂತೇ ಎಂದರೆ ಅದೂ ಇಲ್ಲ. ‘ಹಾಡು: ಸ್ಟುಡಿಯೋ ಗಾಯಕರು’ ಎಂದು ಹಾಕಿ ಕೈ ತೊಳೆದುಕೊಂಡರು.

ಕೊನೆಯ ಹಾಡಿನ ಕತೆ ನಿನಗೆ ಗೊತ್ತೇ ಇದೆ. ನೆರೆ ಬಂದಿದೆ, ಮೇಕೆ ಎಲ್ಲ ಪ್ರಾಣಿಗಳನ್ನೂ ದೋಣಿಗೆ ಹತ್ತಿಸಿಕೊಂಡಿದೆ. ದಡದಲ್ಲಿ ಉಳಿದದ್ದು ತೋಳ ಒಂದೇ. ಮೇಕೆಯ ಮೊದಲ ದೋಣಿಯನ್ನು ಒಡೆದು ಹಾಕಿದ್ದ ಅದೇ ತೋಳ. ಕೊನೆಯ ಚರಣದಲ್ಲಿ ಮೇಕೆ ಅದನ್ನೂ ಕರೆಯುತ್ತದೆ.

ಆ ಚರಣದಲ್ಲಿ ನನ್ನದೊಂದು ತಪ್ಪಿದೆ. ಏನೆಂದು ಹೇಳುವುದಿಲ್ಲ, ಕೇಳಲೂ ಬೇಡ. ವಾದ್ಯದವರಿಗೆ ಹೊತ್ತಾಗಿತ್ತು, ಇಪ್ಪತ್ತೆರಡು ಜನ ಪೆಟ್ಟಿಗೆ ಮುಚ್ಚಲು ಕಾಯುತ್ತಿದ್ದರು, ಅದನ್ನೇ ಇಟ್ಟುಕೊಂಡರು. ಐವತ್ತು ವರ್ಷದಿಂದ ಅದು ನನ್ನನ್ನು ಚುಚ್ಚುತ್ತಿದೆ. ನಿನ್ನಮ್ಮ ಅದನ್ನು ತಿದ್ದಿ ಹಾಡಿರುತ್ತಾಳೆ. ಸಿನಿಮಾ ನೋಡದೇ ಹೇಳಬಲ್ಲೆ. ನೋಡಿ, ಅಕ್ಕ ತಪ್ಪಿದ್ದನ್ನು ನಾನು ಸರಿಮಾಡಿದೆ, ಅಂತ. ಅವಳ ಜಾಗದಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ.

ದೊಡ್ಡಮ್ಮ


ಮಾರ್ಚ್ 28

ದೊಡ್ಡಮ್ಮ,

ಕೆಟ್ಟ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ. ಕೊನೆಯ ಚರಣ ಉಳಿಯಲಿಲ್ಲ.

ಆರು ಹಾಡು ಪೂರ್ತಿ ಬಂದಿವೆ. ಏಳನೆಯದೂ ಮುಕ್ಕಾಲು ಭಾಗ ಬಂತು. ವಾದ್ಯದ ರೀಲೂ ಚೆನ್ನಾಗಿದೆ. ನಿಮ್ಮ ದನಿಯ ರೀಲಿನಲ್ಲಿ ಮಾತ್ರ ನಡುವಿಗೆ ಹತ್ತಿರದ ಒಳಸುತ್ತುಗಳು ಒಂದಕ್ಕೊಂದು ಅಂಟಿ ಕಲ್ಲಾಗಿದ್ದವು. ನಾಲ್ಕು ದಿನ ಉಸಿರು ಬಿಗಿಹಿಡಿದು ಬಿಡಿಸಿದೆ. ಫಿಲ್ಮು ಬಿಟ್ಟಿತು, ಅದರ ಮೇಲಿನ ಲೇಪ ಹಿಂದಿನ ಸುತ್ತಿಗೇ ಅಂಟಿಕೊಂಡು ಪುಡಿಯಾಯಿತು. ಆ ಲೇಪದಲ್ಲೇ ದನಿ ಇರುವುದು. ಮೂವತ್ತೆಂಟು ಸೆಕೆಂಡು ಹೋಯಿತು.

ಬೇರೆ ಕಡೆ ಹುಡುಕಿದೆ. ಆಗಿನ ಗ್ರಾಮಫೋನ್ ತಟ್ಟೆಯಲ್ಲಿ ಜಾಗ ಸಾಲದೆ ಕೊನೆಯ ಚರಣವನ್ನು ಬಿಟ್ಟಿದ್ದಾರೆ. ಚಿತ್ರಮಂದಿರದ ಪ್ರಿಂಟ್ ಒಂದೇ ಉಳಿದಿದೆ. ಅದರ ಕೊನೆಯ ರೀಲು ಎಷ್ಟು ಗೀರಿಹೋಗಿದೆ ಎಂದರೆ ನೀವು ಹಾಡುತ್ತಿದ್ದೀರಿ ಅನ್ನುವುದು ತಿಳಿಯುತ್ತದೆ, ಏನು ಹಾಡುತ್ತಿದ್ದೀರಿ ಅನ್ನುವುದು ತಿಳಿಯುವುದಿಲ್ಲ.

ಕಂಪನಿಯವರು ಎರಡು ದಾರಿ ಹೇಳಿದ್ದಾರೆ. ಒಂದು, ಉಳಿದ ನಿಮ್ಮ ಹಾಡುಗಳನ್ನು ಕೇಳಿಸಿ ಕಂಪ್ಯೂಟರಿಗೆ ನಿಮ್ಮ ದನಿ ಕಲಿಸುವುದು. ಅದು ಆ ಚರಣವನ್ನು ನಿಮ್ಮ ಹಾಗೇ ಹಾಡುತ್ತದೆ. ಅದಕ್ಕೆ ನಿಮ್ಮ ಸಹಿ ಬೇಕು. ಇನ್ನೊಂದು, ಆ ಮೂವತ್ತೆಂಟು ಸೆಕೆಂಡಿಗೆ ಅಮ್ಮನ ದನಿ ಹಾಕುವುದು. ಅವಳದು ಬೇರೆ ಟ್ರ್ಯಾಕಿನಲ್ಲಿ ಶುದ್ಧವಾಗಿದೆ. ಅದಕ್ಕೆ ಸಹಿ ಬೇಡ, ಅದರ ಹಕ್ಕು ಕಂಪನಿಯದೇ. ಆದರೂ ನಿಮ್ಮನ್ನು ಕೇಳದೆ ಮಾಡುವುದಿಲ್ಲ ಎಂದು ನಾನು ಹಟ ಹಿಡಿದಿದ್ದೇನೆ. ಮೂವತ್ತು ವರ್ಷದ ಹಿಂದೆ ಯಾರೂ ನಿಮ್ಮನ್ನು ಕೇಳಲಿಲ್ಲ, ಈ ಸಲ ಕೇಳಿಯೇ ತೀರಬೇಕು.

ಎರಡಕ್ಕೂ ಸಿದ್ಧತೆ ಮಾಡಿಟ್ಟುಕೊಳ್ಳುತ್ತೇನೆ. ಜೂನ್ ಹದಿನೈದರೊಳಗೆ ಹೇಳಿದರೆ ಸಾಕು.

ತಲೆ ತಗ್ಗಿಸಿಕೊಂಡು,
ಸೈರನ್


ಏಪ್ರಿಲ್ 3

ಸೈರನ್‌ಗೆ,

ತಲೆ ಎತ್ತು. ಅಂಟಿದ್ದನ್ನು ನೀನು ಅಂಟಿಸಿದ್ದಲ್ಲ.

ಯಂತ್ರವೇ ಹಾಡಲಿ. ಇದರಲ್ಲಿ ಯೋಚಿಸುವುದೇನಿದೆ? ಏಳು ಹಾಡೂ ನನ್ನದೇ ಆಗುತ್ತದೆ. ಯಂತ್ರ ತಪ್ಪು ಮಾಡುವುದಿಲ್ಲವಾದ್ದರಿಂದ ಆ ಹಳೆಯ ಕಲೆಯೂ ಹೋಗುತ್ತದೆ. ಇಪ್ಪತ್ತೆರಡರ ಗಂಟಲು, ಎಪ್ಪತ್ತೆರಡರ ಎಚ್ಚರ. ಇದಕ್ಕಿಂತ ಇನ್ನೇನು ಬೇಕು.

ತೋಳವನ್ನು ಕರೆಯುವ ಚರಣವನ್ನು ಅವಳ ಬಾಯಲ್ಲಿ ಹೇಳಿಸಿಕೊಳ್ಳುವ ಗ್ರಹಚಾರ ನನಗಿಲ್ಲ.

ಕಾಗದ ಕಳಿಸು, ಸಹಿ ಹಾಕುತ್ತೇನೆ.

ದೊಡ್ಡಮ್ಮ


ಮೇ 11

ದೊಡ್ಡಮ್ಮನಿಗೆ,

ಕಾಗದ ಇದರ ಜೊತೆಗಿದೆ. ಸಹಿ ಹಾಕುವ ಮೊದಲು ಈ ಪತ್ರ ಓದಿ. ಓದಿದ ಮೇಲೂ ಹಾಕಬೇಕೆನಿಸಿದರೆ ಹಾಕಿ, ನಾನು ಎದುರಾಡುವುದಿಲ್ಲ.

ಅಮ್ಮನಿಗೆ ವಿಷಯ ಗೊತ್ತಾಯಿತು. ನಾನೇ ಹೇಳಿದೆ. ರೀಲು ಸಿಕ್ಕಿದ್ದು, ನೀವು ಬರೆಯುತ್ತಿರುವುದು, ಎಲ್ಲ. ಅವಳು ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸುತ್ತಿದ್ದಳು. ಒಂದೇ ಗಾಜನ್ನು ಬಹಳ ಹೊತ್ತು ಒರೆಸಿದಳು. ಆಮೇಲೆ, “ನಂಗೂ ಕೇಳಿಸ್ತೀಯಾ?” ಅಂದಳು. ಹತ್ತು ವರ್ಷದಲ್ಲಿ ಒಂದು ಸಲವೂ ನನ್ನ ಕೆಲಸದ ಜಾಗಕ್ಕೆ ಬಂದವಳಲ್ಲ.

ಹೋದ ವಾರ ಬಂದಳು. ನಿಮ್ಮ ಆರೂ ಹಾಡು ಕೇಳಿದಳು. ಕೈ ಕಟ್ಟಿಕೊಂಡು ನೆಟ್ಟಗೆ ಕೂತಿದ್ದಳು, ಪರೀಕ್ಷೆಗೆ ಕೂತವರ ಹಾಗೆ. ಏಳನೆಯದಕ್ಕೆ ಬಂದಾಗ ನಾನು ಪರದೆಯನ್ನೂ ಹಾಕಿದೆ. ಯಂತ್ರದ ದನಿ ಇನ್ನೂ ಸಿದ್ಧವಾಗಿರಲಿಲ್ಲ. ಹಾಗಾಗಿ ಕೊನೆಯ ಚರಣಕ್ಕೆ ಅವಳದನ್ನೇ, ನಾನು ಶುದ್ಧ ಮಾಡಿಟ್ಟಿದ್ದನ್ನು, ಜೋಡಿಸಿದ್ದೆ.

‘ನದಿ ದೊಡ್ಡದು, ದೋಣಿ ಸಣ್ಣದು, ಆದರೂ’ ಎಂದಾಗ ಅಮ್ಮ ಎದ್ದು ನಿಂತಳು. “ನಿಲ್ಸು. ಎಲ್ಲಿ ಹೋಯ್ತು ಅದು?” ಅಂದಳು.

ಏನು ಎಂದು ಕೇಳಿದೆ.

“ಗುಟುಕು. ಆದರೂ ಅಂದ್ಮೇಲೆ ಮೇಕೆ ಉಗುಳು ನುಂಗತ್ತೆ. ಅಲ್ಲಿ ನೋಡು, ಗಂಟಲು ಆಡ್ತಿದೆ, ಸದ್ದೇ ಇಲ್ಲ. ಏನ್ ಮಾಡ್ದೆ ನೀನು?”

ಆಗ ನನಗೆ ತಿಳಿಯಿತು. ಪರದೆ ಆರಿಸಿಕೊಂಡು ಕೆಲಸ ಮಾಡುತ್ತಿದ್ದೆನಲ್ಲ, ಆ ದಿನ ಇನ್ನೂರಕ್ಕೂ ಹೆಚ್ಚು ಸದ್ದು ತೆಗೆದಿದ್ದೆ. ಬಾಯಿಯ ಸದ್ದು ಕಂಡರೆ ನಮ್ಮ ಕೈ ತಾನಾಗಿ ತೆಗೆಯುತ್ತದೆ. ಚಿಕ್ಕಂದಿನಿಂದ ನೂರು ಸಲ ನೋಡಿದ ಸಿನಿಮಾ, ಆ ಮೇಕೆ ಅಳು ನುಂಗಿಕೊಂಡು ತೋಳವನ್ನು ಕರೆಯುವ ಜಾಗ ಬಂದರೆ ನಾನು ದಿಂಬು ಅಪ್ಪಿಕೊಳ್ಳುತ್ತಿದ್ದೆ. ಅಂಥದ್ದನ್ನೇ ಕಸವೆಂದು ಗುಡಿಸಿ ಹಾಕಿದ್ದೆ.

ಹಾಕಿಬಿಡ್ತೀನಮ್ಮ, ನಿನ್ನದು ಎಲ್ಲೂ ಹೋಗಿಲ್ಲ ಅಂದೆ.

“ನಂದಲ್ಲ ಅದು, ಅಕ್ಕಂದು” ಅಂದಳು.

ಆಮೇಲೆ ಕೂತು ಹೇಳಿದಳು. ಮೂವತ್ತು ವರ್ಷದ ಹಿಂದೆ ಅವಳು ಪರದೆಯ ಮೇಲಿನ ಬಾಯಿ ನೋಡಿಕೊಂಡು ಹಾಡಬೇಕಾಗಿತ್ತು. ಬಾಯಿ ನಿಮ್ಮದು. ನೀವು ಉಸಿರು ತೆಗೆದುಕೊಂಡ ಕಡೆ ಅವಳೂ ತೆಗೆದುಕೊಳ್ಳಬೇಕು. ಹನ್ನೊಂದು ದಿನ ಹಾಡಿದಳಂತೆ. ಆ ಜಾಗಕ್ಕೆ ಬಂದಾಗ ಸಂಗೀತ ನಿರ್ದೇಶಕರು, “ಇದು ಹಿಂದಿನವರು ಮಾಡಿದ ತಪ್ಪು, ನೀವು ನೆಟ್ಟಗೆ ಹಾಡಿ, ಚಿತ್ರ ಅಲ್ಲಿ ಸ್ವಲ್ಪ ಕತ್ತರಿಸ್ತೀವಿ” ಅಂದರಂತೆ. ಅವಳು ಕತ್ತರಿಸಿದರೆ ಹಾಡುವುದಿಲ್ಲ ಅಂದಳಂತೆ. “ನುಂಗೋದೇನು ಸುಲಭ ಅನ್ಕೊಂಡ್ಯಾ? ಬೇಕು ಅಂದಾಗ ಉಗುಳೇ ಬರಲ್ಲ. ಅದೊಂದಕ್ಕೇ ಅರ್ಧ ದಿನ ಹೋಯ್ತು. ಅಕ್ಕ ಒಂದೇ ಸಲಕ್ಕೆ ಮಾಡಿದ್ಲು” ಅಂದಳು. ಹಾಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀವು. ಬೇರೆಯವರ ಮುಂದೆ ನಿಮ್ಮನ್ನು ಹೊಗಳುವಾಗ ನನ್ನ ಮುಖವೂ ಹಾಗೇ ಆಗುತ್ತದೇನೋ.

ನೀವು ಹೇಳದೆ ಬಿಟ್ಟ ತಪ್ಪು ಇದೇ ಇರಬೇಕು ಎಂದು ನನ್ನ ಊಹೆ. ಅವಳು ಅದನ್ನು ತಿದ್ದಿಲ್ಲ, ದೊಡ್ಡಮ್ಮ.

ಸೈರನ್


ಜೂನ್ 8

ದೊಡ್ಡಮ್ಮ, ನಾಲ್ಕು ವಾರವಾಯಿತು. ಆರೋಗ್ಯವಾಗಿದ್ದೀರಿ ತಾನೇ? ಯಂತ್ರದ ದನಿ ಸಿದ್ಧವಾಗಿದೆ. ಕೇಳಿದೆ. ಚೆನ್ನಾಗಿಯೇ ಹಾಡಿದೆ, ಎಲ್ಲಿಯೂ ತಪ್ಪಿಲ್ಲ. ಹದಿನೈದಕ್ಕೆ ನಾನು ಉತ್ತರ ಕೊಡಬೇಕು.

ಸೈರನ್


ಜೂನ್ 11

ಸೈರನ್‌ಗೆ,

ಆರೋಗ್ಯಕ್ಕೇನು ಧಾಡಿ. ಯೋಚನೆ ಮಾಡುತ್ತಿದ್ದೆ. ಈ ವಯಸ್ಸಿನಲ್ಲಿ ಅದಕ್ಕೂ ಹೊತ್ತು ಹಿಡಿಯುತ್ತದೆ.

ಕಾಗದ ವಾಪಸು ಕಳಿಸಿದ್ದೇನೆ. ಸಹಿ ಇಲ್ಲ. ಪೆನ್ನಿನಲ್ಲಿ ಶಾಯಿ ಮುಗಿದಿತ್ತು ಎಂದು ಬೇಕಾದರೆ ಅವರಿಗೆ ಹೇಳು. ನಿನ್ನ ಯಂತ್ರ ನನ್ನ ಹಾಗೇ ಹಾಡಿರಬಹುದು. ಅದು ಯಾರ ಹತ್ತಿರ ಕಲಿತದ್ದು? ಡಬ್ಬದಲ್ಲಿದ್ದ ರೀಲಿನ ಹತ್ತಿರ. ನಿನ್ನಮ್ಮ ನನ್ನ ಪಕ್ಕದಲ್ಲಿ ಕೂತು ಕಲಿತವಳು. ತಪ್ಪಿದಾಗೆಲ್ಲ ನನ್ನಿಂದ ತೊಡೆಗೆ ಚಿವುಟಿಸಿಕೊಂಡು ಕಲಿತವಳು. ನಾನು ಹೇಳಿಕೊಟ್ಟವಳಿರುವಾಗ ಬೇರೆ ಯಾರೋ ಬಂದು ನನ್ನ ಚರಣ ಮುಗಿಸುವುದೇ? ಅವಳೇ ಮುಗಿಸಲಿ. ಗುಟುಕನ್ನು ಅದರ ಜಾಗದಲ್ಲೇ ಇಡು. ಇನ್ನೊಂದು ಸಲ ಗುಡಿಸಿ ಹಾಕಿದೆಯೋ, ಕಿವಿ ಹಿಂಡುತ್ತೇನೆ.

ಒಂದು ಷರತ್ತು. ಈ ಸಲ ಸ್ಟುಡಿಯೋ ಗಾಯಕರು ಗೀಯಕರು ನಡೆಯುವುದಿಲ್ಲ. ಇಬ್ಬರ ಹೆಸರೂ ಪರದೆಯ ಮೇಲೆ ಬರಬೇಕು. ಒಂದೇ ಅಳತೆಯ ಅಕ್ಷರ. ಅವಳ ಹೆಸರು ಮೊದಲು ಬರಲಿ ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನನ್ನದು ಮೊದಲಿರಲಿ, ನಾನು ಹಿರಿಯಳು. ಕೊನೆಯ ಚರಣ ಹಾಡಿದವಳು ತಂಗಿ ಎಂದು ಸ್ಪಷ್ಟವಾಗಿ ಬರೆಸು. ಅವಳು ಹಾಡಿದ್ದು ನನ್ನದೆಂದು ಯಾರೂ ತಿಳಿಯಬಾರದು. ಹಾಗಾದರೆ ಹೇಗಿರುತ್ತದೆ ಎಂದು ನನಗೆ ಗೊತ್ತು.

ಅವಳಿಗೆ ಈ ಪತ್ರ ತೋರಿಸಬೇಡ. ತೋರಿಸುತ್ತೀಯ ಎಂದೂ ಗೊತ್ತು.

ದೊಡ್ಡಮ್ಮ


ಜುಲೈ 2

ಅಕ್ಕ,

ಮಗಳು ಪತ್ರ ತೋರಿಸಿದಳು. ಅವಳನ್ನು ಬೈಯಬೇಡ.

ಮೂವತ್ತು ವರ್ಷದಲ್ಲಿ ನಿನಗೆ ಎಷ್ಟೋ ಪತ್ರ ಬರೆದು ಹರಿದೆ. ಎಲ್ಲದರಲ್ಲೂ ಸುಳ್ಳಿತ್ತು. ಕಂಪನಿಯವರು ಬಲವಂತ ಮಾಡಿದರು, ನಾನಿಲ್ಲದಿದ್ದರೆ ಬೇರೆ ಯಾರನ್ನೋ ಕರೆಯುತ್ತಿದ್ದರು, ನಿನ್ನ ಹಾಡನ್ನು ಉಳಿಸಲು ಒಪ್ಪಿದೆ, ಹೀಗೆ. ಮಗಳು ನಿನಗೆ ಬರೆದದ್ದು ಓದಿದರೆ ನೀನೂ ಹಾಗೆ ತಿಳಿಯಬಹುದು. ಅದು ಹಾಗಲ್ಲ. ಅವರು ಕರೆದ ತಕ್ಷಣ ಕುಣಿದುಕೊಂಡು ಹೋದೆ. ನನಗೆ ಆ ಮೇಕೆ ಆಗಬೇಕಿತ್ತು. ಹನ್ನೊಂದು ವರ್ಷದವಳಿದ್ದಾಗಿನಿಂದಲೇ ಆಗಬೇಕಿತ್ತು. ನೀನು ಹಾಡಿ ಬಂದ ಮೇಲೆ ವರ್ಷಗಟ್ಟಲೆ ಬಚ್ಚಲಿನ ಬಾಗಿಲು ಹಾಕಿಕೊಂಡು ಅದೇ ಏಳು ಹಾಡು ಹಾಡಿಕೊಂಡಿದ್ದೆ. ನಿನಗೆ ಹೇಳಿದರೆ ಎಲ್ಲಿ ಬೇಡ ಅಂದುಬಿಡುತ್ತೀಯೋ ಎಂದು ಹೇಳಲಿಲ್ಲ. ಮುಗಿದ ಮೇಲೆ ಹೇಳುವ ಮುಖ ಇರಲಿಲ್ಲ. ತಪ್ಪು ನನ್ನದೇ.

ಆದರೆ ಚೆನ್ನಾಗಿ ಹಾಡಿದೆ, ಅಕ್ಕ. ಅದನ್ನು ಮಾತ್ರ ತಪ್ಪು ಅನ್ನಲಾರೆ. ನೀನು ಕೇಳಬೇಕು ಎಂದು ಮೂವತ್ತು ವರ್ಷದಿಂದ ಕಾದಿದ್ದೇನೆ.

ಆಗಸ್ಟ್ ಹದಿನಾರರ ಭಾನುವಾರ ಮೂವರೂ ಜೊತೆಗೆ ಕೂತು ನೋಡೋಣ ಎಂದು ಮಗಳ ಆಸೆ. ನೀನು ಬಂದರೆ ನಾನು ಬರುತ್ತೇನೆ. ಬರಬೇಡ ಅಂದರೆ ದೂರದ ಸಾಲಿನಲ್ಲಿ ಕೂರುತ್ತೇನೆ.

ತಂಗಿ


ಆಗಸ್ಟ್ 14

ತಂಗಿಗೆ,

ಇವತ್ತು ಮೊದಲ ದಿನದ ಮಧ್ಯಾಹ್ನದ ಆಟಕ್ಕೆ ನಾನೊಬ್ಬಳೇ ಹೋಗಿಬಂದೆ. ನಿಮಗಿಬ್ಬರಿಗೂ ಹೇಳಲಿಲ್ಲ. ಹೇಳದೆ ಕೆಲಸ ಮಾಡುವುದು ನಿನಗೊಬ್ಬಳಿಗೇ ಬರುತ್ತದೆ ಎಂದು ತಿಳಿಯಬೇಡ. ನೀನು ಪಕ್ಕದಲ್ಲಿ ಕೂತು ನನ್ನ ಮುಖ ನೋಡುತ್ತಿದ್ದರೆ ನನಗೆ ನಿನ್ನ ಹಾಡು ಕೇಳಲಾಗುತ್ತಿರಲಿಲ್ಲ. ಈ ಪತ್ರವನ್ನು ಅಂಚೆಗೆ ಹಾಕದೆ ನಮ್ಮ ಮನೆಯ ಕೆಳಗೆ ಅಂಗಡಿ ಇಟ್ಟಿರುವ ದರ್ಜಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಭಾನುವಾರದೊಳಗೆ ಸಿಗಲಿ ಎಂದು.

ಏಳನೇ ಸಾಲು, ಗೋಡೆ ಬದಿ. ಕಿವಿಯ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿಕೊಂಡಿದ್ದೆ. ಜನ ತುಂಬಿದ್ದರು. ಅಜ್ಜಿಯರು ಮೊಮ್ಮಕ್ಕಳನ್ನು ಕರೆತಂದಿದ್ದರು, ಮೊಮ್ಮಕ್ಕಳಿಗಿಂತ ಅಜ್ಜಿಯರೇ ಮೊದಲು ಹಾಡಲು ಶುರುಮಾಡಿದರು. ನನ್ನ ದನಿ ಬಂತು. ನಿನ್ನ ಮಗಳು ಅದನ್ನು ಎಷ್ಟು ಚೊಕ್ಕವಾಗಿ ತೊಳೆದಿದ್ದಾಳೆ ಎಂದರೆ, ಈ ಹುಡುಗಿ ಯಾರು, ಇಷ್ಟು ಧೈರ್ಯವಾಗಿ ಹಾಡುತ್ತಿದ್ದಾಳಲ್ಲ ಎಂದು ನನಗೇ ಅನ್ನಿಸಿತು. ಅವಳನ್ನು ಹೆತ್ತದ್ದಕ್ಕೆ ನಿನಗೆ ಎಷ್ಟು ಹೊಗಳಿಕೆ ಸಲ್ಲಬೇಕೋ ಅಷ್ಟನ್ನೂ ಕೊಡುತ್ತೇನೆ.

ಆ ತಪ್ಪಿನ ವಿಷಯ ಹೇಳಿಬಿಡುತ್ತೇನೆ. ಇದು ಯಾರಿಗೂ ಗೊತ್ತಿಲ್ಲ. ಕೊನೆಯ ದಿನ ನಿನ್ನನ್ನೂ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದೆ. ಗಾಜಿನಾಚೆ, ಆ ಚಿತ್ರಗಾರನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ ನೀನು. ‘ಆದರೂ’ ಎಂದು ಹಾಡಿದ ಮೇಲೆ ನನಗೆ ಮುಂದಿನ ಪದ ಮರೆತುಹೋಯಿತು. ಇಪ್ಪತ್ತೆರಡು ಜನ ಬಾರಿಸುತ್ತಿದ್ದಾರೆ, ನನ್ನ ತಲೆಯಲ್ಲಿ ಏನೂ ಇಲ್ಲ. ಗಂಟಲು ಒಣಗಿ ಉಗುಳು ನುಂಗಿದೆ. ತಲೆಯೆತ್ತಿದರೆ ಗಾಜಿನಾಚೆ ನಿನ್ನ ಬಾಯಿ ಆಡುತ್ತಿತ್ತು. ನಿನ್ನಷ್ಟಕ್ಕೆ ನೀನು ನನ್ನ ಜೊತೆ ಹಾಡಿಕೊಳ್ಳುತ್ತಿದ್ದೆ. ‘ಜಾಗ ಇದೆ ಬಾ’ ಎಂದು ನಿನ್ನ ತುಟಿ ನೋಡಿ ಹಾಡಿದೆ. ಹನ್ನೊಂದು ವರ್ಷದ ಶಿಷ್ಯೆಯ ಬಾಯಿಂದ ಪದ ತೆಗೆದುಕೊಂಡೆ ಎಂದು ಒಪ್ಪಿಕೊಳ್ಳಲು ನನ್ನ ಜಂಬ ಬಿಡಲಿಲ್ಲ. ಆ ಮೇಕೆ ನೀನೂ ಆಗಿದ್ದೆ, ಶುರುವಿನಿಂದಲೇ. ನಾನು ಹೇಳಲಿಲ್ಲ ಅಷ್ಟೇ.

ಇವತ್ತು ಆ ಜಾಗ ಬಂತು. ಪರದೆಯ ತುಂಬ ಮೇಕೆಯ ಮುಖ. ನದಿ ದೊಡ್ಡದು, ದೋಣಿ ಸಣ್ಣದು, ಆದರೂ. ಗುಟುಕು ಕೇಳಿಸಿತು. ನನ್ನಂಥ ಕಿವಿಗೂ ಕೇಳಿಸಿತು. ಆಮೇಲೆ ನೀನು ಹಾಡಿದೆ. ನನಗಿಂತ ಚೆನ್ನಾಗಿ ಹಾಡಿದ್ದೀಯ. ನಾನು ಪದ ಸಿಕ್ಕಿತಲ್ಲ ಎಂಬ ಗಾಬರಿಯಲ್ಲಿ ಹಾಡಿದ್ದೆ, ನೀನು ಆ ತೋಳವನ್ನು ನಿಜವಾಗಿ ಕರೆದಿದ್ದೀಯ. ಕೇಳಿ ಎದೆ ಉಬ್ಬಿಹೋಯಿತು.

ಪಕ್ಕದಲ್ಲಿ ಒಬ್ಬಾಕೆ ಕೂತಿದ್ದಳು, ಗುರುತಿಲ್ಲ ಪರಿಚಯವಿಲ್ಲ. ಅವಳ ಕೈ ಹಿಡಿದು ಮೆಲ್ಲಗೆ ಒಂದು ಮಾತು ಹೇಳಿದೆ. ನನ್ನ ದನಿ ಎಷ್ಟು ಜೋರಿದೆ ಎಂದು ನನಗೆ ಈಗ ತಿಳಿಯುವುದಿಲ್ಲವಲ್ಲ, ಮೆಲ್ಲಗೆ ಎಂದು ನಾನು ಅಂದುಕೊಂಡದ್ದು. ಹಿಂದಿನ ನಾಲ್ಕು ಸಾಲು, ಮುಂದಿನ ಆರು ಸಾಲು, ಎಲ್ಲರೂ ತಿರುಗಿ ನೋಡಿದರು. ಟಾರ್ಚು ಹಿಡಿದವನೂ ಬಂದ. ನಾನು ಹೇಳಿದ್ದಿಷ್ಟೇ:

“ಈಗ ಹಾಡ್ತಿರೋಳು ನನ್ನ ತಂಗಿ.”

ನಿನ್ನ ಅಕ್ಕ